ಪೆಟ್ಟು ತಿಂದ ಅಕ್ಷರಗಳು

ಅಕ್ಕೋರು ನನ್ನ ಅಂಗಡಿಯ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅಂಕೋಲೆಯ ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದವರು ಅವರು. ನಾನು ಕಾರವಾರದಲ್ಲಿ ಡಿಟಿಪಿ ಅಂಗಡಿ ಹಾಕಿ, ಗಿರಾಕಿಗಳ ಮೇಲೆ ರೇಗುವಷ್ಟು ದೊಡ್ಡವಳಾದ ಮೇಲೂ ಆ ಹೆದರಿಕೆ ಹೋಗಿರಲಿಲ್ಲ. ಬಂದವರೇ ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಒದ್ದೆ ಕೊಡೆಯ ನೀರು ನನ್ನ ಕಾಲ ಬಳಿ ತೊಟ್ಟಿಕ್ಕುತ್ತಿರುತ್ತಿತ್ತು. ಮೌಸ್ ಹಿಡಿದ ಕೈ ಬೆವರುವ ಹೊತ್ತಿಗೆ ಒಂದು ಬೆರಳು ನನ್ನ ಭುಜದ ಮೇಲಿಂದ ಬಂದು ಪರದೆಯ ಮೇಲಿನ ಅಕ್ಷರವನ್ನು ಮುಟ್ಟುತ್ತಿತ್ತು. ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ ಮೇಣ.

"ಇದ್ಕೆ ಎಂತ ತಾಗಿದ್ದು?"

ಈ ಪ್ರಶ್ನೆ ನನಗೆ ಕನಸಿನಲ್ಲೂ ಬೀಳುತ್ತಿತ್ತು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ಮೊದಲು ನೆನಪಾದದ್ದೂ ಅದೇ.

ಅವರು ನಿವೃತ್ತರಾದ ಮೇಲೆ ಹಿಡಿದ ಹುಚ್ಚಿನ ಬಗ್ಗೆ ಹೇಳದಿದ್ದರೆ ಆ ಪ್ರಶ್ನೆ ಅರ್ಥವಾಗುವುದಿಲ್ಲ. ನಿವೃತ್ತಿಯ ನಂತರ ಕೆಲವರು ಭಜನೆಗೆ ಹೋಗುತ್ತಾರೆ, ಕೆಲವರು ಅಣ್ಣತಮ್ಮಂದಿರ ಮೇಲೆ ಕೋರ್ಟಿಗೆ ಹೋಗುತ್ತಾರೆ. ಅಕ್ಕೋರು ಬೈತಖೋಲಿಗೆ ಹೋದರು. ಭಾನುವಾರ ಬೆಳಿಗ್ಗೆ ಅಂಕೋಲೆಯಲ್ಲಿ ಬಸ್ಸು ಹತ್ತಿ ಬಂದು, ಬಂದರಿನ ದಂಡೆಯಲ್ಲಿ ಒಡೆದು ಬಿದ್ದಿರುವ ಹಳೆಯ ಬೋಟುಗಳ ನಡುವೆ ಕೂರುತ್ತಿದ್ದರು. ಬೋಟಿನ ಮೂತಿಯಲ್ಲಿ ಅಳಿದುಳಿದ ಹೆಸರಿನ ಮೇಲೆ ತೆಳು ಕಾಗದ ಒತ್ತಿ ಹಿಡಿದು, ನೀಲಿ ಮೇಣದ ಬಳಪವನ್ನು ಅಡ್ಡ ಮಲಗಿಸಿ ಉಜ್ಜುವುದು. ಕಾಗದದಲ್ಲಿ ಅಕ್ಷರ ಮೆಲ್ಲಗೆ ಏಳುತ್ತಿತ್ತು. ಉಪ್ಪು ತಿಂದ ತಲೆಕಟ್ಟು, ಹಗ್ಗ ಉಜ್ಜಿ ಸವೆದ ಹೊಟ್ಟೆ, ಲಂಗರಿನ ಸರಪಳಿ ಬಡಿದು ಹಾರಿಹೋದ ಬಾಲ, ಎಲ್ಲ ಗಾಯಗಳ ಸಮೇತ. ಕಾಳಿ ಹೊಳೆ ದಾಟಿ ಚಿತ್ತಾಕುಲದ ಕಡೆಗೂ ಹೋಗುತ್ತಿದ್ದರು. ಮೀನು ಮಾರುವ ಹೆಂಗಸರು ನೋಡಿ ನಗುತ್ತಿದ್ದರು. ಈ ಹೆಂಗಸಿಗೆ ತಲೆ ಸಮ ಇಲ್ಲ ಎಂದು ಕೊಂಕಣಿಯಲ್ಲಿ ಗಟ್ಟಿಯಾಗಿಯೇ ಆಡಿಕೊಳ್ಳುತ್ತಿದ್ದರು. ಅಕ್ಕೋರಿಗೆ ಕೊಂಕಣಿ ಚೆನ್ನಾಗಿ ಬರುತ್ತಿತ್ತು. ತಲೆ ಎತ್ತುತ್ತಿರಲಿಲ್ಲ ಅಷ್ಟೆ.

ಹಾಗೆ ತಂದ ಕಾಗದಗಳನ್ನು ನಾನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಒಂದು ವರ್ಣಮಾಲೆಯಾಗಿ ಕೂರಿಸಬೇಕಿತ್ತು. ಒಪ್ಪಿಕೊಂಡದ್ದು ಹೆದರಿಕೆಯಿಂದ. ಆಮೇಲೆ ನನಗೂ ಅದರ ರುಚಿ ಹತ್ತಿತು. ಆಗ ಕನ್ನಡದಲ್ಲಿ ನಮ್ಮಂಥವರ ಕೈಗೆ ಸಿಗುತ್ತಿದ್ದ ಅಕ್ಷರಗಳೆಂದರೆ ಎಲ್ಲ ಒಂದೇ ಎರಕದವು, ಸರಕಾರಿ ಸುತ್ತೋಲೆಯ ಮುಖದವು. ನಾಟಕದ ಪೋಸ್ಟರಿಗೂ ಅವೇ, ಹತ್ತನೇ ದಿನದ ಕಾರ್ಯದ ಕಾಗದಕ್ಕೂ ಅವೇ. ಅವುಗಳ ನಡುವೆ ಅಕ್ಕೋರ ಅಕ್ಷರಗಳು ಪೇಟೆಗೆ ಬಂದ ಜಗಳಗಂಟರ ಹಾಗೆ ಕಾಣುತ್ತಿದ್ದವು. ದೂರದಿಂದಲೇ ಕಣ್ಣು ಹಿಡಿದು ನಿಲ್ಲಿಸುತ್ತಿದ್ದವು.

ಒಂದು ಸಲ ಕೆಲಸ ಬೇಗ ಮುಗಿಯಲೆಂದು ನಾನು ಒಂದು ಅಕ್ಷರದ ಒಡಕನ್ನೇ ಎತ್ತಿ ಇನ್ನೊಂದಕ್ಕೆ ಅಂಟಿಸಿದ್ದೆ. ಅವರು ಹಿಂದೆ ನಿಂತರು. ನೀರು ತೊಟ್ಟಿಕ್ಕಿತು. ಬೆರಳು ಬಂತು.

"ತಂಗೀ, ಎರಡು ಮಕ್ಳು ಬೇರೆ ಬೇರೆ ಕಡೆ ಬಿದ್ರೆ ಒಂದೇ ಜಾಗಕ್ಕೆ ಪೆಟ್ಟಾಗ್ತದ್ಯೇ?"

"ಯಾರು ನೋಡ್ತಾರೆ ಅಕ್ಕೋರೆ?"

"ನೋಡೂದಿಲ್ಲ. ಆದ್ರೆ ಸುಳ್ಳು ಅಂತ ಗೊತ್ತಾಗ್ತದೆ."

ಅಂದಿನಿಂದ ಪದೇ ಪದೇ ಬರುವ ಅಕ್ಷರಗಳಿಗೆ ಬೇರೆ ಬೇರೆ ಬೋಟಿನಿಂದ ತಂದ ಎರಡು ಮೂರು ರೂಪಗಳನ್ನು ಇಟ್ಟುಕೊಂಡೆವು. ಒಂದೇ ಪದದಲ್ಲಿ ಎರಡು 'ರ' ಬಂದರೆ ಎರಡಕ್ಕೂ ಬೇರೆ ಬೇರೆ ಗಾಯ. ಯಾವ ಒಡಕೂ ಅಂದಕ್ಕಾಗಿ ಹುಟ್ಟಿದ್ದಾಗಿರಬಾರದು, ಅದಕ್ಕೊಂದು ಪೆಟ್ಟು ಬಿದ್ದಿರಬೇಕು ಎಂಬುದು ಅವರ ಹಟ. ಯಾವುದನ್ನು ಎಲ್ಲಿ ಬಳಸಬೇಕು ಎಂಬುದರಲ್ಲೂ ಅಷ್ಟೇ ಹಟ. ನಾಟಕದ ಹೆಸರಿಗೆ ಅಡ್ಡಿಲ್ಲ, ಒಣಮೀನಿನ ಪೊಟ್ಟಣಕ್ಕೆ ಅಡ್ಡಿಲ್ಲ, ಕಾಲೇಜು ಪತ್ರಿಕೆಯ ಮುಖಪುಟಕ್ಕೆ ಬಹಳ ಒಳ್ಳೆಯದು. ದೊಡ್ಡದಾಗಿ ಒಂದೆರಡು ಪದ ಮಾತ್ರ. ಸಣ್ಣ ಅಕ್ಷರದಲ್ಲಿ ಬೇಡ, ಕೊಳಕು ಕಾಣುತ್ತದೆ. ಒಬ್ಬ ಹಲ್ಲಿನ ಡಾಕ್ಟರು ತಮ್ಮ ಬೋರ್ಡಿಗೆ ಅದೇ ಬೇಕೆಂದು ಬಂದಾಗ ಅಕ್ಕೋರು ಅವರನ್ನು ಮೇಲಿಂದ ಕೆಳಗೆ ನೋಡಿ, "ಹುಳುಕು ಹಲ್ಲಿನ ಡಾಕ್ಟ್ರಿಗೆ ಹುಳುಕು ಅಕ್ಷರ ಬೇಡ್ರೋ" ಎಂದು ಕಳಿಸಿದರು. ಗಿರಾಕಿ ಹೋದ ಸಿಟ್ಟು ನನಗೆ ಎರಡು ದಿನ ಇತ್ತು.

ಆಮೇಲೆ ಬಂದವನು ರಾಮದಾಸ. ಬೈತಖೋಲಿನ ಮೀನುಗಾರರ ಹುಡುಗ, ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಮಳೆಗಾಲದಲ್ಲಿ ಮೀನು ಹಿಡಿಯಬಾರದೆಂಬ ನಿಷೇಧ ಮುಗಿದು ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ಹುಣ್ಣಿಮೆ ಹತ್ತಿರ ಬಂದಿತ್ತು. ಹೊಸ ಬೋಟು ಇಳಿಸುವ ತಯಾರಿಯಲ್ಲಿದ್ದ. ಹೆಸರು 'ಸಾಗರದೀಪ'. ಅದನ್ನು ಬೆಳ್ಳಿ ಬಣ್ಣದ ರೇಡಿಯಂ ಸ್ಟಿಕರಿನಲ್ಲಿ ಕತ್ತರಿಸಿ ಕೊಡಬೇಕು, ಅದೂ ಗೋಡೆಯ ಮೇಲಿದ್ದ ನಾಟಕದ ಪೋಸ್ಟರಿನ ಅಕ್ಷರದಲ್ಲಿ ಬೇಕು ಎಂದ.

"ಎಲ್ಲಾರ ಬೋಟಿನ ಹೆಸ್ರೂ ಒಂದೇ ನಮೂನಿ ಕಾಣ್ತದ್ರೀ. ನಂದು ಲಾಂಬದಿಂದ ಗುರ್ತು ಸಿಕ್ಬೇಕು" ಎಂದ. ಲಾಂಬ ಎಂದರೆ ದೂರ. ಅವರ ಕನ್ನಡದಲ್ಲಿ ಕೊಂಕಣಿ ಹಾಗೆ ಬಂದು ಕೂರುತ್ತದೆ.

ಅಕ್ಕೋರು ಮೂಲೆಯಲ್ಲಿ ಕೂತಿದ್ದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಶಾಲೆಯಲ್ಲೂ ಕಂಡಿರಲಿಲ್ಲ. "ಬೋಟಿಂದ ಬಂದದ್ದು ಬೋಟಿಗೇ ಹೋಗ್ತದೆ ಹಂಗಾರೆ" ಎಂದರು. ತಾವೇ ಎದ್ದು ಬಂದು ಅಕ್ಷರಗಳನ್ನು ಆರಿಸಿದರು. 'ಗ' ಮೂರು ಇತ್ತು. ಹೊಟ್ಟೆಯ ಮೇಲೆ ಕಚ್ಚಿದಂಥ ಗುರುತಿರುವ ಒಂದನ್ನು ತೆಗೆದು, ಇದೇ ಇರಲಿ, ಇದು ಎಲ್ಲಕ್ಕಿಂತ ಗಟ್ಟಿ ಎಂದರು. ಅವತ್ತು ಮೂವರಿಗೂ ಕೋಕಂ ಶರಬತ್ತು ತರಿಸಿದರು. ಆ ಸ್ಟಿಕರ್ ಕತ್ತರಿಸಿ, ಒಡಕಿನ ಒಳಗಿನ ಚೂರು ಚೂರುಗಳನ್ನು ಚಿಮಟದಿಂದ ಕೀಳುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು.

ಹೆಸರು ಅಂಟಿಸಿದ ದಿನವೇ ರಾಮದಾಸನ ತಾಯಿ ಶೇವಂತಿಬಾಯಿ ಬೋಟಿನ ಮುಂದೆ ನಿಂತು ಕೂಗಾಡಿದಳಂತೆ. ಹೊಸ ಬೋಟಿಗೆ ಮುರುಕು ಹೆಸರು ಯಾಕೆ, ತೆಗೆ ಎಂದಳಂತೆ. ಆಕೆಗೆ ಓದಲು ಬರುತ್ತಿರಲಿಲ್ಲ, ಆದರೆ ಮುರಿದದ್ದು ಯಾವುದು, ಇಡಿಯದ್ದು ಯಾವುದು ಎಂದು ತಿಳಿಯಲು ಶಾಲೆ ಬೇಕಾಗಿಲ್ಲ. ಮಗ ನಕ್ಕು ಸುಮ್ಮನಾದ. ಇದನ್ನೆಲ್ಲ ನಮಗೆ ಹೇಳಿದವನೂ ಅವನೇ. ಹೇಳುವಾಗಲೂ ನಗುತ್ತಿದ್ದ. ಅಕ್ಕೋರು ನಗಲಿಲ್ಲ.

ಬೋಟು ಇಳಿದು ಸ್ವಲ್ಪ ದಿನಕ್ಕೆ ಗಾಳಿ ಎದ್ದಿತು. ಹೊರಗೆ ಹೋಗಿದ್ದ ಬೋಟುಗಳೆಲ್ಲ ಬೆಳಗಾಗುವಷ್ಟರಲ್ಲಿ ವಾಪಸು ಬಂದವು. ಸಾಗರದೀಪ ಬರಲಿಲ್ಲ. ವೈರ್‌ಲೆಸ್ಸಿನಲ್ಲಿ ಕರೆದರೆ ಉತ್ತರವಿಲ್ಲ. ಹುಡುಕಲು ಎರಡು ಬೋಟು ಹೋಗಿವೆ ಎಂದು ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಮ್ಮ ಅಂಗಡಿಯ ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದಳು. ರಾಮದಾಸನ ಜೊತೆಗೆ ಬಲೆ ಎಳೆಯುವ ಆರು ಜನ ಇದ್ದರು. ಹೋಗುವ ಮುಂಚೆ ಅವಳು ಅಕ್ಕೋರ ಕಡೆ ತಿರುಗಿ, "ಶೇವಂತಿ ನಿಮ್ಮ ಅಕ್ಷರಕ್ಕೆ ಶಾಪ ಹಾಕ್ತಾ ಧಕ್ಕೆ ಮೇಲೆ ಕೂತದೆ" ಎಂದಳು. ಧಕ್ಕೆ ಎಂದರೆ ಬೋಟು ಕಟ್ಟುವ ಕಟ್ಟೆ.

ಅಕ್ಕೋರು ಕೊಡೆ ತೆಗೆದುಕೊಂಡರು. "ನಡಿ."

"ಎಲ್ಲಿಗೆ?"

"ಧಕ್ಕೆಗೆ."

ನಾನು ಬಾಗಿಲಿಗೆ ಅಡ್ಡ ನಿಂತೆ. ಮೈಮೇಲೆ ಬಂದ ಹಾಗೆ ಕೂತಿರುವ ಹೆಂಗಸರ ನಡುವೆ ಹೋಗಿ ಏನು ಮಾಡುತ್ತೀರಿ, ಅಲ್ಲಿ ಕೈಗೆ ಸಿಕ್ಕಿದ್ದು ಎಸೆಯುತ್ತಾರೆ, ಬೋಟು ಬಂದ ಮೇಲೆ ಹೋಗೋಣ ಎಂದೆ. "ಬರ್ದೇ ಇದ್ರೆ?" ಎಂದರು. ನಾನು ಬಾಗಿಲು ಬಿಟ್ಟು ಸರಿದೆ. ರಿಕ್ಷಾ ಹಿಡಿದು ಬೈತಖೋಲಿಗೆ ಹೋದೆವು.

ಧಕ್ಕೆಯ ಮೇಲೆ ಹೆಂಗಸರು ಗುಂಪುಗೂಡಿದ್ದರು. ಶೇವಂತಿಬಾಯಿ ಒಂದು ಹಗ್ಗದ ಸುರುಳಿಯ ಮೇಲೆ ಕೂತು ಸಮುದ್ರವನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಸೊಸೆ, ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು. ನಮ್ಮನ್ನು ಕಂಡದ್ದೇ ಗುಜುಗುಜು ನಿಂತಿತು. ಅಕ್ಕೋರು ನೇರ ಹೋಗಿ ಶೇವಂತಿಬಾಯಿಯ ಎದುರು ನಿಂತರು.

"ಅಕ್ಕೋರೆ, ಖರೇ ಹೇಳಿ" ಎಂದಳು ಆಕೆ, ಕಣ್ಣನ್ನು ಸಮುದ್ರದಿಂದ ತೆಗೆಯದೆ. "ಅಲ್ಲಿ ದಂಡಿ ಮೇಲೆ ಮುರ್ದ ಬೋಟು ಬಿದ್ದಿತ್ತಲ್ಲ, ಮೂತಿ ಮೇಲ್ ಮಾಡಿ. ಅದ್ಕೆ ಕಾಗ್ದ ಒತ್ಕಂಡು ಕೂತಿದ್ರಿ ನೀವು. ನಾ ಕಣ್ಣಾರೆ ನೋಡಿದ್ದೆ. ಅಲ್ಲಿ ಇದ್ದ ಅಕ್ಷರವೇ ನನ್ನ ಮಗನ ಬೋಟಿಗೆ ಹಾಕಿದ್ರಾ?"

ಆ ದಂಡೆಯಲ್ಲಿ ಅಂಥ ಬೋಟುಗಳು ಎಷ್ಟೋ ಇದ್ದವು. ಯಾವುದೋ ಏನೋ ನೆನಪಿಲ್ಲ ಎಂದರೆ ಮುಗಿಯುತ್ತಿತ್ತು. ಅಲ್ಲ ಎಂದರೆ ಇನ್ನೂ ಒಳ್ಳೆಯದು. ಅಲ್ಲ ಅನ್ನಿ ಅಕ್ಕೋರೆ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹೌದು" ಎಂದರು ಅಕ್ಕೋರು. "ಹೆಸ್ರೆಲ್ಲ ಅಳ್ಸಿ ಹೋಗಿತ್ತು. ಗ ಒಂದೇ ಉಳ್ದಿತ್ತು. ಅದನ್ನೇ ತಂದದ್ದು."

"ಅದು ಯಾರ ಬೋಟು ಗೊತ್ತಾ ನಿಮ್ಗೆ?"

"ಇಲ್ಲ."

"ನನ್ನ ಗಂಡಂದು. ಬೋಟು ಬಂತು, ಅವ್ರು ಬರ್ಲಿಲ್ಲ. ಮುರ್ದ ಬೋಟಿನ ಮೊಳೆ ಸೈತ ಹೊಸ ಬೋಟಿಗೆ ಹೊಡೆಯೂದಿಲ್ಲ ನಮ್ಮ ಮನೇಲಿ. ನೀವು ಹೆಸ್ರೇ ತಂದು ಅಂಟ್ಸಿದ್ರಿ." ಆಗ ಮಾತ್ರ ಆಕೆ ತಿರುಗಿ ನೋಡಿದಳು. "ಕೇಳೂಕೆ ಬಾಯಿರ್ಲಿಲ್ವಾ?"

"ಕೇಳ್ಬೇಕಿತ್ತು. ಕೇಳ್ಲಿಲ್ಲ."

ಯಾರೋ ಹಿಂದಿನಿಂದ ಕೊಂಕಣಿಯಲ್ಲಿ ಕೆಟ್ಟ ಮಾತೊಂದನ್ನು ಆಡಿದರು. ಇನ್ನೊಬ್ಬಳು ಬುಟ್ಟಿಯ ನೀರನ್ನು ಅಕ್ಕೋರ ಕಾಲ ಬುಡಕ್ಕೇ ಸುರಿದಳು. ನಾನು ಅವರ ಕೈ ಹಿಡಿದು ಎಳೆದೆ. ಅವರು ಕೈ ಬಿಡಿಸಿಕೊಂಡು, ಶೇವಂತಿಬಾಯಿಯಿಂದ ಒಂದು ಮಾರು ದೂರದಲ್ಲಿ, ಆ ಒದ್ದೆ ನೆಲದ ಮೇಲೆಯೇ ಕೂತರು. ಎದ್ದು ಹೋಗಿ ಎಂದು ಯಾರೂ ಅನ್ನಲಿಲ್ಲ, ಕೂರಿ ಎಂದೂ ಅನ್ನಲಿಲ್ಲ. ನಾನು ನಿಂತೇ ಇದ್ದೆ. ನಾನು ದೇವರಿಗೆ ಹೆಚ್ಚು ಕೆಲಸ ಕೊಡುವವಳಲ್ಲ, ಅವತ್ತು ಮಾತ್ರ ಊರ ದೇವರುಗಳನ್ನೆಲ್ಲ ಸಾಲಾಗಿ ಕರೆದೆ.

ಮಧ್ಯಾಹ್ನ ಕಳೆಯಿತು. ಯಾರೋ ಚಹಾ ತಂದರು, ಯಾರೂ ಕುಡಿಯಲಿಲ್ಲ. ಬಿಸಿಲು ಬಂದು ಹೋಗಿ ಮಾಡುತ್ತಿತ್ತು. ಬಂದರಿನ ಎದುರಿನ ದ್ವೀಪದ ಮಗ್ಗುಲಿನಿಂದ ಒಂದು ಬೋಟು ಕಾಣಿಸಿಕೊಂಡಾಗ ಎಲ್ಲರೂ ಎದ್ದರು. ಹುಡುಕಲು ಹೋದವರ ಬೋಟು. ಅದರ ಹಿಂದೆ ಹಗ್ಗದ ತುದಿಯಲ್ಲಿ ಇನ್ನೊಂದು. ಎಳೆಸಿಕೊಂಡು ಬರುತ್ತಿದ್ದ ಆ ಬೋಟಿನ ಕಂಬ ಮುರಿದಿತ್ತು, ಮೇಲಿನ ಕೋಣೆ ಕಿತ್ತುಹೋಗಿತ್ತು. ನೀಲಿ ಬಣ್ಣ, ಆದರೆ ಅಲ್ಲಿ ಅರ್ಧಕ್ಕರ್ಧ ಬೋಟುಗಳು ನೀಲಿಯೇ. ಕೆಳಗಿನ ಬಂದರಿನ ಯಾವುದೋ ಬೋಟು ಎಂದ ಒಬ್ಬ ಗಂಡಸು. ಆಕಾರ ಅದಲ್ಲ ಎಂದ ಇನ್ನೊಬ್ಬ. ಸೊಸೆ ನೋಡಲಾರದೆ ಮುಖ ಮುಚ್ಚಿಕೊಂಡಳು.

ಆ ಬೋಟು ಒಂದು ಸಲ ಅಲೆಗೆ ಸಿಕ್ಕಿ ಮಗ್ಗುಲು ತಿರುಗಿತು. ಮೂತಿಯ ಮೇಲಿನ ಬೆಳ್ಳಿ ಬಣ್ಣ ಬಿಸಿಲಿಗೆ ಮಿಂಚಿತು. ನನಗೆ ಅಷ್ಟು ದೂರದಿಂದ ಏನೂ ಓದಲಾಗಲಿಲ್ಲ, ಅದನ್ನು ಕತ್ತರಿಸಿದವಳು ನಾನೇ ಆಗಿದ್ದರೂ.

"ಆಮ್ಚೀಚ್ ಗೊ!" ಎಂದು ಚೀರಿದಳು ಶೇವಂತಿಬಾಯಿ. "ನಮ್ದೇ, ನಮ್ದೇ! ಆ ಕಚ್ಚಿದ್ದು ಕಾಣೂದಿಲ್ವಾ ನಿಮ್ಗೆ, ಹೊಟ್ಟಿ ಮೇಲೆ ಕಚ್ಚಿದ್ದು!"

ಯಾರಿಗೂ ಕಾಣುತ್ತಿರಲಿಲ್ಲ. ಆಕೆಗೆ ಕಂಡಿತ್ತು. ಗಂಡ ಹೋದ ಮೇಲೆ ಎಷ್ಟೋ ವರ್ಷ ಆ ಮುರಿದ ಬೋಟಿನ ಎದುರು ಕೂತು ಮೀನು ಒಣಗಿಸಿದವಳು ಆಕೆ. ಆ ಒಂದು ಗುರುತನ್ನು ದಿನವೂ ನೋಡಿದ್ದಳು. ಅದು ಅಕ್ಷರ ಎಂದೇ ಆಕೆಗೆ ಗೊತ್ತಿತ್ತೋ ಇಲ್ಲವೋ.

ಬೋಟು ಬಂತು. ಏಳೂ ಜನ ಇದ್ದರು. ಒಬ್ಬನ ತೋಳು ಮುರಿದಿತ್ತು, ಉಳಿದವರು ನಡುಗುತ್ತಿದ್ದರು. ರಾಮದಾಸ ಮೇಲೆ ಹತ್ತಿದ್ದೇ ತಾಯಿ ಅವನ ಕೆನ್ನೆಗೆ ಎರಡು ಬಾರಿಸಿದಳು. ಆಮೇಲೆ ತಬ್ಬಿಕೊಂಡು ಕೂಗಿ ಕೂಗಿ ಅತ್ತಳು. ನಾನೂ ಅತ್ತೆ, ನಾಚಿಕೆಯೇನಿಲ್ಲ. ಅಕ್ಕೋರು ಎದ್ದು ಸೀರೆ ಕೊಡವಿಕೊಂಡು, ಯಾರಿಗೂ ಹೇಳದೆ ಹೊರಡುತ್ತಿದ್ದರು. ಶೇವಂತಿಬಾಯಿ ಕರೆದಳು.

"ಅಕ್ಕೋರೆ, ನಿಲ್ಲಿ. ಆ ಹೆಸ್ರು ತೆಗೀಬೇಕು ನೀವು."

"ತೆಗೀತೆ. ನಾಳೆನೇ ತೆಗೀತೆ."

"ಬೇರೆಯವ್ರದ್ದೆಲ್ಲ ತೆಗೀರಿ. ನಮ್ದು ಇರ್ಲಿ."

ಮರುದಿನ ಅಕ್ಕೋರು ತಾವೇ ಬ್ಲೇಡು ಹಿಡಿದು ಕೂತು ಉಳಿದ ಅಕ್ಷರಗಳನ್ನು ಕೆರೆದರು. ಆ ಜಾಗದಲ್ಲಿ ಕುಂಚ ಹಿಡಿದು 'ಸಾ', 'ರ', 'ದೀ', 'ಪ' ಎಂದು ಶಾಲೆಯ ಗೋಡೆಯ ಮೇಲೆ ಬರೆಯುವಂಥ ಇಡಿಯಾದ ದುಂಡನೆಯ ಅಕ್ಷರಗಳನ್ನು ಬರೆದರು. ನಡುವೆ ಆ ಕಚ್ಚಿದ 'ಗ'. ಕೈಕೆಲಸ ಚೆನ್ನಾಗಿಲ್ಲ ಎಂದು ಬಂದರಿನಲ್ಲಿ ನೋಡಿದವರೆಲ್ಲ ಹೇಳುತ್ತಿದ್ದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅಕ್ಕೋರಿಗೆ ಮುಗಿದಿರಲಿಲ್ಲ. ತಮ್ಮ ಕಾಗದಗಳ ಸುರುಳಿ ಕಟ್ಟಿಕೊಂಡು ಮನೆಮನೆಗೆ ಹೊರಟರು. ಬೈತಖೋಲ, ಚಿತ್ತಾಕುಲ, ಅಮದಳ್ಳಿ, ಅಂಕೋಲೆಯ ಕಡಲ ದಂಡೆ. ಈ ಬೋಟು ನಿಮ್ಮದಾ, ಅದರಿಂದ ನಾನು ಈ ಅಕ್ಷರ ತೆಗೆದುಕೊಂಡಿದ್ದೇನೆ, ಇಟ್ಟುಕೊಳ್ಳಬಹುದಾ ಎಂದು ಕೇಳುವುದು. ಕೆಲವರು ನಕ್ಕು ಚಹಾ ಕೊಟ್ಟು ಕಳಿಸಿದರು. ಕೆಲವರು ಆ ಬೋಟಿನ ಕತೆ ಹೇಳುತ್ತಾ ಸಂಜೆಯವರೆಗೆ ಕೂರಿಸಿಕೊಂಡರು. ಕೆಲವರು ಬೇಡ ಎಂದರು. ಬೇಡ ಅಂದ ಪ್ರತಿ ಸಲವೂ ಅವರು ನನ್ನ ಅಂಗಡಿಗೆ ಬಂದು ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು.

"ಅಳ್ಸು."

ನಾನು ಜಗಳವಾಡಿದೆ. ವರ್ಷಗಟ್ಟಲೆಯ ಕೆಲಸ, ನನ್ನ ಕಣ್ಣು ಹೋದದ್ದು ಇದರಲ್ಲಿ, ಅವರಿಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿನ ಒಳಗೆ ಬಂದು ನೋಡುತ್ತಾರಾ ಎಂದೆ. ಅವರು ಅಲ್ಲಾಡಲಿಲ್ಲ. ನಾನು ಅಳಿಸಿದೆ. ಮೂಲಪ್ರತಿ ಒಂದು ಸಿಡಿಯಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಕೈ ಚಾಚಿದರು. ಕೊಟ್ಟೆ. ಮೊಣಕಾಲಿಗೆ ಒತ್ತಿ ಎರಡು ತುಂಡು ಮಾಡಿ ಕೈಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದರು. ಅವತ್ತು ಅವರ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಹೀಗಾಗಿ ಆ ವರ್ಣಮಾಲೆ ಎಂದೂ ಪೂರ್ತಿಯಾಗಲಿಲ್ಲ. ಹಲ್ಲುದುರಿದ ಬಾಯಿಯ ಹಾಗೆ ನಡುನಡುವೆ ಅಕ್ಷರಗಳಿಲ್ಲ. ಗಿರಾಕಿ ಬಂದು ಒಂದು ಹೆಸರು ಹೇಳಿದರೆ, ಅದರ ಅಕ್ಷರಗಳು ನಮ್ಮಲ್ಲಿವೆಯೇ ಎಂದು ಮೊದಲು ನೋಡಬೇಕು. ಇಲ್ಲದ ಅಕ್ಷರವನ್ನು ಬೇರೆ ಬೋಟಿನಿಂದ ತರಬಹುದಲ್ಲ ಎಂದು ಕೇಳಿದ್ದೆ. ತರುತ್ತೇನೆ ಎಂದಿದ್ದರು. ಅಷ್ಟರಲ್ಲಿ ಮಂಡಿನೋವು ಬಂತು, ಮರಳಿನಲ್ಲಿ ಕೂರಲಾಗಲಿಲ್ಲ.

ಅವರು ಹೋದಾಗ ಅವರ ಅಣ್ಣನ ಮಗ ಬಂದು ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಿಕೊಂಡು ಹೋದ. ಮಾಮೂಲಿ ಅಕ್ಷರ, ಮಾಮೂಲಿ ಹೂವಿನ ಚೌಕಟ್ಟು. ಅದು ಅಂಕೋಲೆಯ ಬಸ್ ಸ್ಟ್ಯಾಂಡಿನ ಹತ್ತಿರ ಹತ್ತು ದಿನ ಇತ್ತು. ನನ್ನ ಅಂಗಡಿಯ ಬಾಗಿಲಿಗೆ ನಾನೇ ಇನ್ನೊಂದು ಮಾಡಿದೆ, ಅವರ ಅಕ್ಷರದಲ್ಲಿ. ಅವರ ಹೆಸರಿಗೆ ಮೂರೇ ಅಕ್ಷರ. ನಡುವಿನದು ಚಿತ್ತಾಕುಲದ ಒಬ್ಬ ಮುದುಕ ಬೇಡ ಅಂದಿದ್ದರಿಂದ ಅಳಿಸಿದ್ದು. ಬಸ್ಸು ಹತ್ತಿ ಹೋಗಿ, ಮತ್ತೊಮ್ಮೆ ಕಾಗದ ಒತ್ತಿ ತೆಗೆದುಕೊಳ್ಳಲೇ ಎಂದು ಕೇಳಿದೆ, ಅಕ್ಕೋರು ತೀರಿಕೊಂಡರು, ಅವರ ಹೆಸರಿಗೆ ಮಾತ್ರ ಬೇಕು ಎಂದೆ. ಆತ, ಅವರು ಒಳ್ಳೆಯವರು, ಆದರೆ ಆ ಬೋಟಿನದ್ದು ಏನೂ ಬೇಡ ತಂಗಿ ಎಂದ. ಬೇರೆ ಕಡೆಯಿಂದ ಎತ್ತಿ ಒಂದು ಪೆಟ್ಟು ಹಾಕಿ ಕೂರಿಸುವುದು ನನಗೆ ಎರಡು ನಿಮಿಷದ ಕೆಲಸ. ಮೌಸ್ ಹಿಡಿದೂ ಆಗಿತ್ತು. ಕುರ್ಚಿಯ ಹಿಂದೆ ಯಾರೂ ಇರಲಿಲ್ಲ, ಆದರೂ ಕೈ ಮುಂದೆ ಹೋಗಲಿಲ್ಲ. ನಡುವೆ ಜಾಗ ಖಾಲಿ ಬಿಟ್ಟು ಹಾಗೆಯೇ ಅಂಟಿಸಿದೆ.

ಬಂದವರೆಲ್ಲ ಸ್ಟಿಕರ್ ಕಿತ್ತುಹೋಗಿದೆ ನೋಡಿ ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ.

ಮೊನ್ನೆ ಶೇವಂತಿಬಾಯಿ ಬಂದಿದ್ದಳು. ಸಾಗರದೀಪಕ್ಕೆ ಈ ಸಲ ಹೊಸ ಬಣ್ಣ ಬಳಿದಿದ್ದಾರಂತೆ, 'ಗ'ದ ಸ್ಟಿಕರು ಮಾಸಿದೆ, ಅದೇ ಅಳತೆಯದು ಇನ್ನೊಂದು ಬೇಕು. ಹೊರಡುವಾಗ ಬಾಗಿಲ ಬಳಿ ನಿಂತಳು. ಓದಲು ಬಾರದವಳು, ಹೆಸರಿನ ಮೇಲೆ ಬೆರಳಾಡಿಸುತ್ತಾ ಬಂದು ಆ ಖಾಲಿ ಜಾಗದಲ್ಲಿ ನಿಲ್ಲಿಸಿದಳು.

"ಇದು ಅಕ್ಕೋರ ಹೆಸ್ರಾ? ಇಲ್ಲಿದ್ದು ಎಲ್ಲಿ ಹೋಯ್ತು?"

"ಅದರ ಮನೆಯವ್ರು ಕೊಡ್ಲಿಲ್ಲ ಬಾಯಿ. ಹೋಗಿ ಕೇಳ್ದೆ, ಬೇಡ ಅಂದ್ರು."

ಆಕೆ ಆ ಖಾಲಿ ಜಾಗವನ್ನು ಅಂಗೈಯಿಂದ ಒಮ್ಮೆ ಒರೆಸಿದಳು.

"ಹಂಗಾರೆ ಖಾಲಿನೇ ಇರ್ಲಿ" ಎಂದಳು. "ಅಕ್ಕೋರು ಕೇಳ್ದೇ ತಕಳ್ಳೋರಲ್ಲ."